ಸೋತ ಅಧ್ಯಕ್ಷರ ರಾಜೀನಾಮೆ ಪತ್ರ ಯಾರ ಕೈಗೆ ಹೋಗುತ್ತದೆ?

ಚುನಾವಣೆ ಸೋತ ಪಕ್ಷದ ಅಧ್ಯಕ್ಷರು ಸ್ಥಾನ ಬಿಡಬೇಕಾ, ಬೇಡವಾ? ಪ್ರತಿ ಫಲಿತಾಂಶದ ಮರುದಿನ ಈ ಪ್ರಶ್ನೆ ಏಳುತ್ತದೆ. ಟಿವಿಯಲ್ಲಿ ಎರಡು ದಿನ ಚರ್ಚೆ ನಡೆಯುತ್ತದೆ. ಕೊನೆಗೆ ‘ವರಿಷ್ಠರು ತೀರ್ಮಾನ ಮಾಡುತ್ತಾರೆ’ ಅನ್ನುವ ಮಾತಿಗೆ ಬಂದು ನಿಲ್ಲುತ್ತದೆ. ಆಮೇಲೆ ಯಾರೂ ಕೇಳುವುದಿಲ್ಲ.

ಮಂಗಳೂರು, ಉಡುಪಿಯವರಿಗೆ ಇದು ದೂರದ ಊರಿನ ವಿಷಯ ಅಲ್ಲ. 2023ರ ಮೇ 13ರಂದು ವಿಧಾನಸಭೆಯ ಫಲಿತಾಂಶ ಬಂದಾಗ, ಸೋತ ಬಿಜೆಪಿಯ ರಾಜ್ಯಾಧ್ಯಕ್ಷರಾಗಿದ್ದವರು ದಕ್ಷಿಣ ಕನ್ನಡದ ಅಂದಿನ ಸಂಸದ ನಳಿನ್ ಕುಮಾರ್ ಕಟೀಲ್. ಗೆದ್ದ ಕಾಂಗ್ರೆಸ್ ಸರ್ಕಾರದಲ್ಲಿ ನಮ್ಮ ಜಿಲ್ಲೆಗೆ ಉಸ್ತುವಾರಿ ಸಚಿವರಾಗಿ ಬಂದವರು ದಿನೇಶ್ ಗುಂಡೂರಾವ್. ಅವರು 2019ರ ಡಿಸೆಂಬರ್‌ನಲ್ಲಿ ಪಕ್ಷ ಉಪಚುನಾವಣೆ ಸೋತ ದಿನವೇ ಕೆಪಿಸಿಸಿ (ರಾಜ್ಯ ಕಾಂಗ್ರೆಸ್ ಸಮಿತಿ) ಅಧ್ಯಕ್ಷ ಸ್ಥಾನಕ್ಕೆ ರಾಜೀನಾಮೆ ಕೊಟ್ಟವರು. ಒಬ್ಬರು ಸೋಲಿನ ನಂತರವೂ ಸುಮಾರು ಆರು ತಿಂಗಳು ಹುದ್ದೆಯಲ್ಲಿ ಉಳಿದರು. ಇನ್ನೊಬ್ಬರು ಎಣಿಕೆ ಮುಗಿದ ದಿನವೇ ಪತ್ರ ಬರೆದರು. ಇವರಲ್ಲಿ ಯಾರು ಸರಿ ಅಂತ ವಾದ ಮಾಡುವುದು ಸುಲಭ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಇನ್ನೊಂದು ಪ್ರಶ್ನೆ. ಆ ಪತ್ರ ಯಾರ ಕೈಗೆ ಹೋಗುತ್ತದೆ? ಅದಕ್ಕೆ ಉತ್ತರ ಕೊಡುವವರು ಯಾರು?

2023ರ ಲೆಕ್ಕದಿಂದಲೇ ಶುರು ಮಾಡೋಣ. 224 ಸ್ಥಾನಗಳಲ್ಲಿ ಕಾಂಗ್ರೆಸ್‌ಗೆ 135, ಬಿಜೆಪಿಗೆ 66, ಜೆಡಿಎಸ್‌ಗೆ 19 ಬಂತು. 2018ರಲ್ಲಿ ಬಿಜೆಪಿ 104 ಗೆದ್ದಿತ್ತು. 38 ಸ್ಥಾನ ಕೈತಪ್ಪಿತು ಅಂದರೆ ಸಣ್ಣ ಸೋಲಲ್ಲ. ಆದರೆ ಮತದ ಪ್ರಮಾಣ ನೋಡಿದರೆ ಚಿತ್ರ ಬೇರೆಯೇ. ಎರಡೂ ಚುನಾವಣೆಗಳಲ್ಲಿ ಬಿಜೆಪಿಗೆ ಬಿದ್ದ ಮತ ಶೇ 36ರ ಆಸುಪಾಸು. ಪಕ್ಷದ ಮತ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಬದಲಾದದ್ದು ಎದುರಿನವರ ಲೆಕ್ಕ. ಜೆಡಿಎಸ್ ಶೇ 18ರಿಂದ 13ಕ್ಕೆ ಇಳಿಯಿತು. ಕಾಂಗ್ರೆಸ್ ಶೇ 38ರಿಂದ 43ರ ಹತ್ತಿರಕ್ಕೆ ಏರಿತು. ಇದಕ್ಕೆ ರಾಜ್ಯಾಧ್ಯಕ್ಷರು ಎಷ್ಟು ಕಾರಣ? ನಾಲ್ಕು ವರ್ಷದ ಸರ್ಕಾರ ಎಷ್ಟು ಕಾರಣ? ಸರ್ಕಾರಿ ಕಾಮಗಾರಿಗಳಲ್ಲಿ ಶೇ 40 ಕಮಿಷನ್ ಅನ್ನುವ ಆರೋಪ ಎಷ್ಟು ಕಾರಣ? ಟಿಕೆಟ್ ಸಿಗದೆ ಕಾಂಗ್ರೆಸ್ ಸೇರಿದ ಜಗದೀಶ ಶೆಟ್ಟರ್, ಲಕ್ಷ್ಮಣ ಸವದಿ ಅವರ ಪಾಲೆಷ್ಟು? ಇದನ್ನೆಲ್ಲ ಬಿಡಿಸಿ ನೋಡದೆ ‘ಅಧ್ಯಕ್ಷರು ಹೋಗಲಿ’ ಅಂದರೆ, ಕಾಯಿಲೆ ಏನು ಅಂತ ನೋಡದೆ ಮಾತ್ರೆ ನುಂಗಿದ ಹಾಗೆ.

ಇನ್ನು ಕರಾವಳಿಯ ಕಥೆ ರಾಜ್ಯದ ಕಥೆಗೆ ತಾಳೆಯೇ ಆಗುವುದಿಲ್ಲ. ದಕ್ಷಿಣ ಕನ್ನಡದಲ್ಲಿ 8, ಉಡುಪಿಯಲ್ಲಿ 5, ಒಟ್ಟು 13 ಕ್ಷೇತ್ರ. 2013ರಲ್ಲಿ ದಕ್ಷಿಣ ಕನ್ನಡದ 8ರಲ್ಲಿ 7 ಕಾಂಗ್ರೆಸ್ ಪಾಲಾಗಿತ್ತು. ಬಿಜೆಪಿಗೆ ಉಳಿದದ್ದು ಸುಳ್ಯ ಒಂದೇ. 2018ರಲ್ಲಿ ಅದು ಪೂರ್ತಿ ತಿರುಗಿ ಬಿದ್ದಿತು. ಕಾಂಗ್ರೆಸ್‌ನ ಯು.ಟಿ. ಖಾದರ್ ಅವರ ಕ್ಷೇತ್ರ ಬಿಟ್ಟು ಉಳಿದ 12 ಬಿಜೆಪಿಗೆ ಬಂತು. 2023ರಲ್ಲಿ ರಾಜ್ಯವೇ ಕೈಬಿಟ್ಟಾಗಲೂ ಇಲ್ಲಿ ಬಿಜೆಪಿ 11 ಉಳಿಸಿಕೊಂಡಿತು. ಉಡುಪಿಯಲ್ಲಂತೂ ಐದಕ್ಕೆ ಐದು. ಹಾಗಾಗಿ ಇಲ್ಲಿನ ಬಿಜೆಪಿಯವರು ಆಗ ಕೇಳಿದ್ದು ನ್ಯಾಯವಾದ ಪ್ರಶ್ನೆಯೇ: ‘ನಮ್ಮಲ್ಲಿ ಲೀಡ್ ಬಂದಿದೆ ಮಾರಾಯ್ರೆ, ಮತ್ತೆ ನಮ್ಮ ಅಧ್ಯಕ್ಷರು ಎಂತಕ್ಕೆ ರಾಜೀನಾಮೆ ಕೊಡುವುದು?’

ಆದರೆ ಅದೇ ಜಿಲ್ಲೆಯ ಪುತ್ತೂರಿನಲ್ಲಿ ಮಾತು ಬೇರೆಯಾಗಿತ್ತು.

ಪುತ್ತೂರಿನಲ್ಲಿ ಹಾಲಿ ಶಾಸಕರಾಗಿದ್ದ ಸಂಜೀವ ಮಠಂದೂರು ಅವರಿಗೆ ಟಿಕೆಟ್ ಕೈತಪ್ಪಿತು. ಆಶಾ ತಿಮ್ಮಪ್ಪ ಗೌಡ ಅಭ್ಯರ್ಥಿಯಾದರು. ಟಿಕೆಟ್ ನಿರೀಕ್ಷೆಯಲ್ಲಿದ್ದ ಅರುಣ್ ಕುಮಾರ್ ಪುತ್ತಿಲ ಪಕ್ಷೇತರರಾಗಿ ನಿಂತರು. ಕಾಂಗ್ರೆಸ್‌ನ ಅಶೋಕ್ ಕುಮಾರ್ ರೈ 4,149 ಮತಗಳಿಂದ ಗೆದ್ದರು. ಎರಡನೇ ಸ್ಥಾನ ಪುತ್ತಿಲರಿಗೆ. ಬಿಜೆಪಿಯ ಅಧಿಕೃತ ಅಭ್ಯರ್ಥಿ ಮೂರನೇ ಸ್ಥಾನಕ್ಕೆ ಇಳಿದರು. ಮೂರನೇ ಸ್ಥಾನ! ಡಿ.ವಿ. ಸದಾನಂದ ಗೌಡರನ್ನು ಶಾಸಕರನ್ನಾಗಿ ಬೆಳೆಸಿದ ಪುತ್ತೂರಿನಲ್ಲಿ, ರಾಜ್ಯಾಧ್ಯಕ್ಷರ ಸ್ವಂತ ಲೋಕಸಭಾ ಕ್ಷೇತ್ರದ ಒಳಗೆ. ಇದು ಬೇರೆ ಪಕ್ಷದ ಕೈಯಲ್ಲಿ ಆದ ಸೋಲಲ್ಲ. ತಮ್ಮದೇ ಮತದಾರರು ಎರಡು ಪಾಲಾಗಿ ಆದ ಸೋಲು.

ಫಲಿತಾಂಶದ ನಂತರ ಪುತ್ತೂರಿನಲ್ಲಿ ಒಂದು ಬ್ಯಾನರ್ ಬಿತ್ತು. ಅದರಲ್ಲಿ ನಳಿನ್ ಮತ್ತು ಸದಾನಂದ ಗೌಡರ ಫೋಟೊ ಇತ್ತು, ಮೇಲೆ ಚಪ್ಪಲಿ ಹಾರ. ಬ್ಯಾನರ್ ಕಟ್ಟಿದ ಆರೋಪದಲ್ಲಿ ಪೊಲೀಸರು ಕರೆದೊಯ್ದ ಯುವಕರ ಮೇಲೆ ಹಲ್ಲೆ ಆಯಿತು ಅನ್ನುವ ದೂರು ರಾಜ್ಯಮಟ್ಟದ ಸುದ್ದಿಯಾಯಿತು. ಚಪ್ಪಲಿ ಹಾರ ಹಾಕುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ಯಾವ ನಾಯಕರಿಗೂ ಆ ಅವಮಾನ ಆಗಬಾರದು. ಆದರೆ ಪಕ್ಷದ ಒಳಗಿನ ಸಿಟ್ಟು ಬ್ಯಾನರ್ ಆಗಿ ಬೀದಿಗೆ ಯಾಕೆ ಬಂತು? ಟಿಕೆಟ್ ತೀರ್ಮಾನ ಯಾರು ಮಾಡಿದರು, ಯಾಕೆ ಮಾಡಿದರು ಅಂತ ಎದುರು ಕೂತು ಕೇಳುವ ಜಾಗ ಕಾರ್ಯಕರ್ತರಿಗೆ ಇರಲಿಲ್ಲ. ಇದ್ದಿದ್ದರೆ ಸಿಟ್ಟು ಸಭೆಯಲ್ಲೇ ಮುಗಿಯುತ್ತಿತ್ತು.

ಇದು ಫಲಿತಾಂಶದ ದಿನ ಹುಟ್ಟಿದ ಸಿಟ್ಟೂ ಅಲ್ಲ. 2022ರ ಜುಲೈ 26ರಂದು ಬೆಳ್ಳಾರೆಯಲ್ಲಿ ಬಿಜೆಪಿ ಯುವ ಮೋರ್ಚಾದ ಪ್ರವೀಣ್ ನೆಟ್ಟಾರು ಅವರ ಕೊಲೆಯಾಯಿತು. ಮರುದಿನ ಅಲ್ಲಿಗೆ ಹೋದ ರಾಜ್ಯಾಧ್ಯಕ್ಷರ ಕಾರಿಗೆ ತಮ್ಮದೇ ಕಾರ್ಯಕರ್ತರು ಮುತ್ತಿಗೆ ಹಾಕಿ ಅಲ್ಲಾಡಿಸಿದರು. ಯುವ ಮೋರ್ಚಾದ ಪದಾಧಿಕಾರಿಗಳು ಸಾಮೂಹಿಕವಾಗಿ ರಾಜೀನಾಮೆ ಕೊಟ್ಟರು. ಗಮನಿಸಿ, ಅಲ್ಲಿ ರಾಜೀನಾಮೆ ಕೊಟ್ಟವರು ಕೆಳಗಿನವರು. ಕೊಟ್ಟದ್ದು ಮೇಲಿನವರಿಗೆ. ಪತ್ರ ಯಾವಾಗಲೂ ಮೇಲ್ಮುಖವಾಗಿಯೇ ಹೋಗುತ್ತದೆ. ಕೆಳಗೆ ಬರುವುದಿಲ್ಲ.

ಅಧಿಕಾರ ಎಲ್ಲಿದೆ, ಹೊಣೆ ಎಲ್ಲಿದೆ

ಬಿಜೆಪಿಯಲ್ಲಿ ವಿಧಾನಸಭೆಯ ಟಿಕೆಟ್ ಅಂತಿಮವಾಗುವುದು ದೆಹಲಿಯ ಕೇಂದ್ರ ಚುನಾವಣಾ ಸಮಿತಿಯಲ್ಲಿ. ಕಾಂಗ್ರೆಸ್‌ನಲ್ಲೂ ಹಾಗೆಯೇ. ರಾಜ್ಯಾಧ್ಯಕ್ಷರು ಪಟ್ಟಿ ಕಳಿಸಬಹುದು, ಒತ್ತಾಯ ಮಾಡಬಹುದು. ಕೊನೆಯ ಸಹಿ ಅವರದ್ದಲ್ಲ. 2023ರಲ್ಲಿ ಉಡುಪಿ ಜಿಲ್ಲೆಯ ಐದರಲ್ಲಿ ನಾಲ್ಕು ಕಡೆ ಹೊಸಮುಖ ಬಂತು. ಕಾರ್ಕಳದಲ್ಲಿ ಸುನಿಲ್ ಕುಮಾರ್ ಒಬ್ಬರೇ ಹಳಬರು. ಕುಂದಾಪುರದ ಹಾಲಾಡಿ ಶ್ರೀನಿವಾಸ ಶೆಟ್ಟರು ತಾವಾಗಿ ಹಿಂದೆ ಸರಿದರು. ಉಡುಪಿಯ ರಘುಪತಿ ಭಟ್ಟರು ಟಿಕೆಟ್ ಸಿಗಲಿಲ್ಲ ಅಂತ ಗೊತ್ತಾದಾಗ ಮಾಧ್ಯಮದ ಎದುರೇ ಕಣ್ಣೀರು ಹಾಕಿದರು. ಹೊಸಬರು ನಾಲ್ವರೂ ಗೆದ್ದರು. ಸುಳ್ಯದಲ್ಲೂ ಎಸ್. ಅಂಗಾರರ ಬದಲಿಗೆ ಬಂದ ಭಾಗೀರಥಿ ಮುರುಳ್ಯ ಗೆದ್ದರು. ಪುತ್ತೂರಿನಲ್ಲಿ ಮಾತ್ರ ಅದೇ ಪ್ರಯೋಗ ನೆಲಕಚ್ಚಿತು. ಉಡುಪಿಯ ಗೆಲುವಿನ ಹಿರಿಮೆ ದೆಹಲಿಗೆ, ಪುತ್ತೂರಿನ ಸೋಲಿನ ಹೊಣೆ ರಾಜ್ಯಾಧ್ಯಕ್ಷರಿಗೆ ಅಂದರೆ ಅದು ನ್ಯಾಯವಾ?

ನಳಿನ್ ಅವರ ಪರವಾಗಿ ಹೇಳಬಹುದಾದ ಬಲವಾದ ಮಾತು ಇದು. ಅವರನ್ನು 2019ರ ಆಗಸ್ಟ್‌ನಲ್ಲಿ ನೇಮಕ ಮಾಡಿದ್ದು ದೆಹಲಿ. ಮುಖ್ಯಮಂತ್ರಿಯನ್ನು 2021ರಲ್ಲಿ ಬದಲಿಸಿದ್ದು ದೆಹಲಿ. ಟಿಕೆಟ್ ಕೊಟ್ಟದ್ದೂ ದೆಹಲಿ. ಸೋತಾಗ ಮಾತ್ರ ಅಧ್ಯಕ್ಷರನ್ನು ಕೇಳಿದರೆ ಅವರು ಎಂತ ಹೇಳಬೇಕು? 2023ರ ಜೂನ್‌ನಲ್ಲಿ ಅವರು ನೈತಿಕ ಹೊಣೆಯ ಮಾತಾಡಿದಾಗ ರಾಜೀನಾಮೆ ಕೊಟ್ಟೇಬಿಟ್ಟರು ಅಂತ ಸುದ್ದಿ ಹಬ್ಬಿತು. ಹಿಂದೆಯೇ, ರಾಜೀನಾಮೆ ಕೊಟ್ಟಿಲ್ಲ ಅನ್ನುವ ಸ್ಪಷ್ಟನೆಯೂ ಬಂತು. ನೇಮಕವೇ ಮೇಲಿನಿಂದ ಬಂದಾಗ ಬಿಡುವ ದಿನವನ್ನೂ ಮೇಲಿನವರೇ ಹೇಳಬೇಕಾಗುತ್ತದೆ. ನವೆಂಬರ್ 10ರಂದು ಬಿ.ವೈ. ವಿಜಯೇಂದ್ರ ಅವರನ್ನು ರಾಜ್ಯಾಧ್ಯಕ್ಷರಾಗಿ ನೇಮಿಸಿದ ಆದೇಶ ಬಂತು. ಮರುವರ್ಷದ ಲೋಕಸಭೆಗೆ ದಕ್ಷಿಣ ಕನ್ನಡದ ಟಿಕೆಟ್ ಕ್ಯಾಪ್ಟನ್ ಬ್ರಿಜೇಶ್ ಚೌಟ ಅವರಿಗೆ ಹೋಯಿತು. ಮೂರು ಬಾರಿ ಗೆದ್ದ ಸಂಸದರಿಗೆ ಯಾಕೆ ಟಿಕೆಟ್ ಇಲ್ಲ ಅನ್ನುವುದನ್ನು ಪಕ್ಷ ಮತದಾರರಿಗೆ ಬಿಡಿಸಿ ಹೇಳಲಿಲ್ಲ.

ಆ ಆರು ತಿಂಗಳಿಗೆ ಪಕ್ಷ ತೆತ್ತ ಬೆಲೆ ಸಣ್ಣದಲ್ಲ. ಅಷ್ಟೂ ಕಾಲ ವಿಧಾನಸಭೆಯಲ್ಲಿ ವಿರೋಧ ಪಕ್ಷದ ನಾಯಕರೂ ಇರಲಿಲ್ಲ. ಜುಲೈ 7ರಂದು ಸಿದ್ದರಾಮಯ್ಯ ಬಜೆಟ್ ಮಂಡಿಸಿದಾಗ ಎದುರಿನ ಆ ಸ್ಥಾನ ಖಾಲಿ. ಅದೇ ಅಧಿವೇಶನದಲ್ಲಿ, ಜುಲೈ 19ರಂದು ಸ್ಪೀಕರ್ ಯು.ಟಿ. ಖಾದರ್ ಬಿಜೆಪಿಯ 10 ಶಾಸಕರನ್ನು ಅಮಾನತು ಮಾಡಿದರು. ಅವರಲ್ಲಿ ಐವರು ನಮ್ಮ ಎರಡು ಜಿಲ್ಲೆಯವರು: ವೇದವ್ಯಾಸ ಕಾಮತ್, ಭರತ್ ಶೆಟ್ಟಿ, ಉಮಾನಾಥ ಕೋಟ್ಯಾನ್, ಯಶಪಾಲ್ ಸುವರ್ಣ, ಸುನಿಲ್ ಕುಮಾರ್. ಉಪಸಭಾಧ್ಯಕ್ಷರ ಮೇಲೆ ಕಾಗದ ಹರಿದು ಎಸೆದದ್ದು ತಪ್ಪೇ. ಆದರೆ ಸದನದಲ್ಲಿ ಎದ್ದು ನಿಂತು ತಮ್ಮವರನ್ನು ಹಿಡಿದಿಡುವ, ಸ್ಪೀಕರ್ ಜೊತೆ ಮಾತಾಡಿ ಗಂಟು ಬಿಡಿಸುವ ನಾಯಕರೇ ಇಲ್ಲದಿದ್ದರೆ ಇಂಥದ್ದು ಆಗುತ್ತದೆ. ಆರ್. ಅಶೋಕ ವಿರೋಧ ಪಕ್ಷದ ನಾಯಕರಾದದ್ದು ನವೆಂಬರ್ 17ಕ್ಕೆ. ಇಷ್ಟು ತಡ ಆದದ್ದು ನಳಿನ್ ಅವರ ತಪ್ಪಲ್ಲ. ಯಾರಿಗೂ ಗಡುವು ಇರಲಿಲ್ಲ, ಅಷ್ಟೇ.

ಈಗ ದಿನೇಶ್ ಗುಂಡೂರಾವ್ ಅವರ ಕಡೆಗೆ ಬರೋಣ. 2019ರ ಡಿಸೆಂಬರ್ 9ರಂದು 15 ಕ್ಷೇತ್ರಗಳ ಉಪಚುನಾವಣೆಯ ಫಲಿತಾಂಶ ಬಂತು. ಕಾಂಗ್ರೆಸ್ ಗೆದ್ದದ್ದು 2, ಬಿಜೆಪಿ 12. ಅಂದೇ ಸಿದ್ದರಾಮಯ್ಯ ಶಾಸಕಾಂಗ ಪಕ್ಷದ ನಾಯಕ ಸ್ಥಾನಕ್ಕೆ, ದಿನೇಶ್ ಕೆಪಿಸಿಸಿ ಅಧ್ಯಕ್ಷ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಪತ್ರ ಹೋದದ್ದು ಸೋನಿಯಾ ಗಾಂಧಿ ಅವರಿಗೆ. ತಡಮಾಡದೆ ಕೊಟ್ಟದ್ದು ಮೆಚ್ಚುವ ವಿಷಯವೇ. ಮುಂದೇನಾಯಿತು? ಮೂರು ತಿಂಗಳು ಏನೂ ಆಗಲಿಲ್ಲ. 2020ರ ಮಾರ್ಚ್ 11ರಂದು ಡಿ.ಕೆ. ಶಿವಕುಮಾರ್ ಕೆಪಿಸಿಸಿ ಅಧ್ಯಕ್ಷರಾದರು. ಸಿದ್ದರಾಮಯ್ಯ ಅದೇ ಸ್ಥಾನದಲ್ಲಿ ಮುಂದುವರಿದರು. ಒಂದೇ ದಿನ ಹೋದ ಎರಡು ಪತ್ರಗಳಲ್ಲಿ ಒಂದು ಅಂಗೀಕಾರ ಆಯಿತು, ಇನ್ನೊಂದು ಆಗಲಿಲ್ಲ. ಇಬ್ಬರ ಸೋಲೂ ಒಂದೇ. ಈ ವ್ಯತ್ಯಾಸ ಯಾಕೆ ಅಂತ ಬಂಟ್ವಾಳದ ಅಥವಾ ಬೈಂದೂರಿನ ಕಾಂಗ್ರೆಸ್ ಕಾರ್ಯಕರ್ತ ಯಾರನ್ನು ಕೇಳಬೇಕಿತ್ತು?

ಅದಕ್ಕೂ ಆರು ತಿಂಗಳ ಹಿಂದೆ ಇನ್ನೂ ದೊಡ್ಡ ಸೋಲಾಗಿತ್ತು. ಲೋಕಸಭೆಯ 28 ಸ್ಥಾನಗಳಲ್ಲಿ ಕಾಂಗ್ರೆಸ್‌ಗೆ ಸಿಕ್ಕಿದ್ದು ಒಂದೇ. ಆಗ ಎಐಸಿಸಿ (ಕಾಂಗ್ರೆಸ್‌ನ ರಾಷ್ಟ್ರೀಯ ಸಮಿತಿ) ಇಡೀ ಕೆಪಿಸಿಸಿ ಸಮಿತಿಯನ್ನು ವಿಸರ್ಜಿಸಿತು. ಅಧ್ಯಕ್ಷರನ್ನೂ ಕಾರ್ಯಾಧ್ಯಕ್ಷರನ್ನೂ ಮಾತ್ರ ಉಳಿಸಿಕೊಂಡಿತು. ಪದಾಧಿಕಾರಿಗಳೆಲ್ಲ ಒಂದು ಆದೇಶದಲ್ಲಿ ಮಾಜಿಗಳಾದರು. ಇಂಥ ಹೊತ್ತಲ್ಲಿ ಕೆಳಗಿನವರಿಗೆ ಹೋಗುವ ಸಂದೇಶ ಒಂದೇ: ಸೋಲು ನಿಮ್ಮದು.

ಜೆಡಿಎಸ್‌ನದ್ದು ಇನ್ನೊಂದು ಬಗೆ. 2019ರ ಲೋಕಸಭೆಯ ಸೋಲಿನ ನಂತರ ಎಚ್. ವಿಶ್ವನಾಥ್ ರಾಜ್ಯಾಧ್ಯಕ್ಷ ಸ್ಥಾನ ಬಿಟ್ಟರು. 2023ರಲ್ಲಿ ಸಿ.ಎಂ. ಇಬ್ರಾಹಿಂ ಸೋಲಿನ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ಅದೇ ವರ್ಷ ಬಿಜೆಪಿ ಜೊತೆ ಮೈತ್ರಿಯ ಜಗಳ ಶುರುವಾದಾಗ, ತಾವೇ ಅಧ್ಯಕ್ಷ ಅಂತ ಅವರು ವಾದ ಮಾಡಿದರು. ರಾಜೀನಾಮೆ ಅಂಗೀಕಾರ ಆಯಿತಾ ಇಲ್ಲವಾ ಅನ್ನುವುದೇ ಹೊರಗಿನವರಿಗೆ ಗೊತ್ತಾಗದ ಸ್ಥಿತಿ.

ಕಾನೂನು ಇದರಲ್ಲಿ ಎಲ್ಲಿದೆ ಅಂತ ಕೇಳಬಹುದು. ಮುಖ್ಯಮಂತ್ರಿ ಸೋತರೆ ದಾರಿ ಸ್ಪಷ್ಟ. ಬಸವರಾಜ ಬೊಮ್ಮಾಯಿ 2023ರ ಮೇ 13ರ ರಾತ್ರಿಯೇ ರಾಜ್ಯಪಾಲರಿಗೆ ರಾಜೀನಾಮೆ ಕೊಟ್ಟರು. ಶಾಸಕರು ರಾಜೀನಾಮೆ ಕೊಟ್ಟರೆ ಸ್ಪೀಕರ್ ಅದನ್ನು ಪರಿಶೀಲಿಸಬೇಕು ಅಂತ ಸಂವಿಧಾನದ 190ನೇ ವಿಧಿಯಲ್ಲಿದೆ. ಪಕ್ಷದ ಅಧ್ಯಕ್ಷರ ವಿಷಯದಲ್ಲಿ ಇಂಥದ್ದು ಯಾವುದೂ ಇಲ್ಲ. ಅದು ಪಕ್ಷದ ಒಳಗಿನ ನಿಯಮಕ್ಕೆ ಬಿಟ್ಟದ್ದು. ಪ್ರಜಾಪ್ರತಿನಿಧಿ ಕಾಯ್ದೆಯ 29ಎ ಕಲಂ ಪ್ರಕಾರ ಪಕ್ಷಗಳು ಚುನಾವಣಾ ಆಯೋಗದಲ್ಲಿ ನೋಂದಣಿ ಆಗುತ್ತವೆ. ಆದರೆ ಒಮ್ಮೆ ನೋಂದಣಿಯಾದ ಪಕ್ಷವನ್ನು ಪಟ್ಟಿಯಿಂದ ತೆಗೆಯುವ ಅಧಿಕಾರ ಆಯೋಗಕ್ಕೆ ಸಾಮಾನ್ಯವಾಗಿ ಇಲ್ಲ ಅಂತ 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಹೊರಗಿನಿಂದ ಯಾರೂ ಬಂದು ಸರಿಮಾಡುವುದಿಲ್ಲ.

ಪತ್ರ ಜನರ ಕೈಗೆ ಬಂದ ಸಂದರ್ಭ

ನಮ್ಮ ರಾಜ್ಯದಲ್ಲೇ ಒಂದು ದೊಡ್ಡ ಉದಾಹರಣೆ ಇದೆ. ಈಗಿನ ಹುಡುಗರಿಗೆ ಇದು ಗೊತ್ತಿರುವುದು ಕಡಿಮೆ. 1984ರ ಡಿಸೆಂಬರ್‌ನ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ ಕಾಂಗ್ರೆಸ್ 24 ಗೆದ್ದಿತು. ರಾಜ್ಯದಲ್ಲಿ ಆಳುತ್ತಿದ್ದ ಜನತಾ ಪಕ್ಷಕ್ಕೆ ಬಂದದ್ದು 4. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ಅವರ ಸರ್ಕಾರ ಬಿದ್ದಿರಲಿಲ್ಲ. ಲೋಕಸಭೆ ಬೇರೆ, ವಿಧಾನಸಭೆ ಬೇರೆ ಅಂತ ಸುಮ್ನೆ ಇದ್ದುಬಿಡಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ರಾಜೀನಾಮೆ ಕೊಟ್ಟು, ವಿಧಾನಸಭೆ ವಿಸರ್ಜನೆ ಮಾಡಿಸಿ ಜನರ ಮುಂದೆ ಹೋದರು. 1985ರ ಮಾರ್ಚ್‌ನಲ್ಲಿ ಜನತಾ ಪಕ್ಷಕ್ಕೆ 139 ಸ್ಥಾನ ಬಂತು. ಸೋತದ್ದಕ್ಕೆ ಉತ್ತರವನ್ನು ಅವರು ಮತದಾರರನ್ನೇ ಕೇಳಿದರು, ಮತದಾರರು ಕೊಟ್ಟರು. ಇದರಲ್ಲಿ ರಾಜಕೀಯ ಲೆಕ್ಕಾಚಾರವೂ ಇತ್ತು, ಇರಲಿ. ಲೆಕ್ಕಾಚಾರ ಇದ್ದರೂ ಅದನ್ನು ಜನರ ಎದುರು ಇಟ್ಟದ್ದು ದೊಡ್ಡದು.

ಹೊರಗಿನ ದೇಶಗಳಲ್ಲಿ ಪಕ್ಷಗಳೇ ಇದಕ್ಕೊಂದು ದಾರಿ ಮಾಡಿಕೊಂಡಿವೆ. 2024ರ ಜುಲೈ 4ರ ಬ್ರಿಟನ್ ಚುನಾವಣೆಯಲ್ಲಿ ಕನ್ಸರ್ವೇಟಿವ್ ಪಕ್ಷ 121 ಸ್ಥಾನಕ್ಕೆ ಇಳಿಯಿತು. ಮರುದಿನವೇ ರಿಷಿ ಸುನಕ್, ಹೊಸ ನಾಯಕರ ಆಯ್ಕೆಯ ವ್ಯವಸ್ಥೆ ಆದ ಮೇಲೆ ತಾನು ಪಕ್ಷದ ನಾಯಕತ್ವ ಬಿಡುತ್ತೇನೆ ಅಂದರು. ಅಲ್ಲಿಯವರೆಗೆ ಸಂಸತ್ತಿನಲ್ಲಿ ವಿರೋಧ ಪಕ್ಷದ ನಾಯಕರಾಗಿ ಕೆಲಸ ಮಾಡಿದರು. ಸ್ಥಾನ ಒಂದು ದಿನವೂ ಖಾಲಿ ಇರಲಿಲ್ಲ. ಸಂಸದರು ಕೊನೆಗೆ ಇಬ್ಬರನ್ನು ಉಳಿಸಿದರು. ಆಮೇಲೆ ಪಕ್ಷದ ಸದಸ್ಯರು ಮತ ಹಾಕಿದರು. ನವೆಂಬರ್ 2ರಂದು ಕೆಮಿ ಬೇಡನಾಕ್ 53,806 ಮತ ಪಡೆದು ಗೆದ್ದರು. ಸೋತ ರಾಬರ್ಟ್ ಜೆನ್ರಿಕ್‌ಗೆ 41,388. ಅಲ್ಲೂ ನಾಲ್ಕು ತಿಂಗಳು ಹಿಡಿಯಿತು. ನಮ್ಮಲ್ಲೂ ಮೂರೋ ಆರೋ ತಿಂಗಳು ಹಿಡಿಯುತ್ತದೆ. ಆದರೆ ಅಲ್ಲಿ ಯಾವ ದಿನ ಏನಾಗುತ್ತದೆ ಅಂತ ಮೊದಲೇ ಎಲ್ಲರಿಗೂ ಗೊತ್ತಿತ್ತು. ನಮ್ಮಲ್ಲಿ ದೆಹಲಿಗೆ ಯಾರು ವಿಮಾನ ಹತ್ತಿದರು ಅಂತ ನೋಡಿ ಊಹೆ ಮಾಡಬೇಕು.

ಅಲ್ಲಿ ಎಲ್ಲವೂ ಸರಿ ಅಂತ ನಾನು ಹೇಳುವುದಿಲ್ಲ. 2015ರಲ್ಲಿ ತನ್ನ ಕ್ಷೇತ್ರದಲ್ಲೇ ಸೋತ, ಬ್ರಿಟನ್ನಿನ ಯುಕಿಪ್ ಪಕ್ಷದ ನಾಯಕ ನೈಜೆಲ್ ಫರಾಜ್ ರಾಜೀನಾಮೆ ಘೋಷಿಸಿದರು. ಪಕ್ಷದ ಕಾರ್ಯಕಾರಿ ಸಮಿತಿ ಅದನ್ನು ಒಪ್ಪಲಿಲ್ಲ ಅಂತ ಮೂರೇ ದಿನದಲ್ಲಿ ವಾಪಸ್ ಬಂದರು. ಕೇಳಿದರೆ ನಮ್ಮೂರಿನ ಸುದ್ದಿಯ ಹಾಗೇ ಇದೆ, ಅಲ್ವಾ?

ಜಪಾನಿನ ಕ್ರಮ ನನಗೆ ಇನ್ನೂ ಹಿಡಿಸಿತು. 2025ರ ಜುಲೈನಲ್ಲಿ ಮೇಲ್ಮನೆಯ ಚುನಾವಣೆಯಲ್ಲಿ ಪ್ರಧಾನಿ ಶಿಗೆರು ಇಶಿಬಾ ಅವರ ಕೂಟ ಬಹುಮತ ಕಳೆದುಕೊಂಡಿತು. ಅವರು ಬಿಡುವುದಿಲ್ಲ ಅಂದರು. ಅವರ ಪಕ್ಷದ ನಿಯಮದ ಪ್ರಕಾರ ಸಂಸದರು ಮತ್ತು 47 ಪ್ರಾಂತ್ಯ ಘಟಕಗಳ ಪ್ರತಿನಿಧಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕೇಳಿದರೆ ಅಧ್ಯಕ್ಷರ ಚುನಾವಣೆಯನ್ನು ಅವಧಿಗೆ ಮೊದಲೇ ನಡೆಸಬೇಕು. ಯಾರು ಯಾವ ಕಡೆ ಅಂತ ತಿಳಿಯುವ ದಿನಕ್ಕೆ ಒಂದು ದಿನ ಮುಂಚೆ, ಸೆಪ್ಟೆಂಬರ್ 7ರಂದು, ಇಶಿಬಾ ರಾಜೀನಾಮೆ ಘೋಷಿಸಿದರು. ಅಕ್ಟೋಬರ್ 4ಕ್ಕೆ ಸನಾಯೆ ತಕಾಇಚಿ ಆಯ್ಕೆಯಾದರು. ಪ್ರಾಂತ್ಯ ಘಟಕ ಅಂದರೆ ನಮ್ಮಲ್ಲಿ ಜಿಲ್ಲಾ ಸಮಿತಿ ಇದ್ದ ಹಾಗೆ ಅಂದುಕೊಳ್ಳಿ. ರಾಜ್ಯಾಧ್ಯಕ್ಷರು ಇರಬೇಕಾ ಬೇಡವಾ ಅನ್ನುವುದರಲ್ಲಿ ಉಡುಪಿ ಜಿಲ್ಲಾ ಸಮಿತಿಗೆ ಒಂದು ಮತ, ದಕ್ಷಿಣ ಕನ್ನಡಕ್ಕೆ ಒಂದು ಮತ ಇದ್ದಿದ್ದರೆ 2019ರಲ್ಲಿ, 2023ರಲ್ಲಿ ಮಾತುಕತೆಯ ದಾರಿಯೇ ಬೇರೆ ಆಗುತ್ತಿತ್ತು.

ನಮ್ಮಲ್ಲಿ ಹತ್ತಿರ ಹತ್ತಿರ ಇಂಥದ್ದು ನಡೆದದ್ದು ಕಾಂಗ್ರೆಸ್‌ನಲ್ಲಿ, 2022ರಲ್ಲಿ. 2019ರ ಲೋಕಸಭೆಯಲ್ಲಿ 52 ಸ್ಥಾನಕ್ಕೆ ನಿಂತಾಗ ರಾಹುಲ್ ಗಾಂಧಿ ಅಧ್ಯಕ್ಷ ಸ್ಥಾನ ಬಿಟ್ಟರು. ಜುಲೈ 3ರಂದು ಅವರು ತಮ್ಮ ಪತ್ರವನ್ನು ಎಲ್ಲರಿಗೂ ಕಾಣುವ ಹಾಗೆ ಪ್ರಕಟಿಸಿದರು. ಅದು ಒಳ್ಳೆಯ ಹೆಜ್ಜೆ. ಆದರೆ ಹೊಸ ಅಧ್ಯಕ್ಷರ ಚುನಾವಣೆ ನಡೆಯಲು ಮೂರು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. 2022ರ ಅಕ್ಟೋಬರ್ 17ರಂದು ಮತದಾನ ಆಯಿತು. ಆ ದಿನ ಭಾರತ್ ಜೋಡೋ ಯಾತ್ರೆಯಲ್ಲಿದ್ದ ರಾಹುಲ್ ಮತ ಹಾಕಿದ್ದು ಬಳ್ಳಾರಿಯ ಸಂಗನಕಲ್ಲಿನಲ್ಲಿ. ಮಲ್ಲಿಕಾರ್ಜುನ ಖರ್ಗೆ ಅವರಿಗೆ 7,897, ಶಶಿ ತರೂರ್ ಅವರಿಗೆ 1,072 ಮತ. ಖರ್ಗೆ ಅವರೇ 2019ರಲ್ಲಿ ಕಲಬುರಗಿಯಲ್ಲಿ ಸೋತವರು. ಸೋತವರು ಮನೆಗೆ ಹೋಗಲೇಬೇಕು ಅನ್ನುವವರಿಗೆ ಇದು ಉತ್ತರ. ಸೋತವರೂ ಮತ ಕೇಳಿ, ಗೆದ್ದು, ಮುಂದೆ ಬರಬಹುದು. ನನ್ನ ತಕರಾರು ಒಂದೇ. ಅಷ್ಟು ದೊಡ್ಡ ಪಕ್ಷದ ಅಧ್ಯಕ್ಷರನ್ನು ಆರಿಸಿದ್ದು ಹತ್ತು ಸಾವಿರದ ಒಳಗಿನ ಪ್ರತಿನಿಧಿಗಳು. ಬೂತ್ ಮಟ್ಟದ ಸದಸ್ಯರಿಗೆ ಮತ ಇರಲಿಲ್ಲ.

ಎಲ್ಲ ಸೋಲಿಗೂ ರಾಜೀನಾಮೆ ಬೇಕಾ? ಬೇಡ. ಪಕ್ಕದ ಮಂಜೇಶ್ವರವನ್ನೇ ನೋಡಿ. ತಲಪಾಡಿ ದಾಟಿದರೆ ಅದೇ ಕ್ಷೇತ್ರ. 2016ರಲ್ಲಿ ಅಲ್ಲಿ ಬಿಜೆಪಿಯ ಕೆ. ಸುರೇಂದ್ರನ್ ಸೋತದ್ದು 89 ಮತಗಳಿಂದ. 2021ರಲ್ಲಿ, ಕೇರಳದ ಪಕ್ಷಾಧ್ಯಕ್ಷರಾಗಿ ಮತ್ತೆ ಅಲ್ಲೇ ನಿಂತು 745 ಮತಗಳಿಂದ ಸೋತರು. ಜೊತೆಗೆ ನಿಂತಿದ್ದ ಕೊನ್ನಿಯಲ್ಲೂ ಸೋತರು. ಆ ಸಲ ಇಡೀ ಕೇರಳದಲ್ಲಿ ಪಕ್ಷಕ್ಕೆ ಒಂದೂ ಸ್ಥಾನ ಬರಲಿಲ್ಲ. ಆದರೂ ಅವರು 2025ರ ಮಾರ್ಚ್‌ವರೆಗೆ ಅಧ್ಯಕ್ಷರಾಗಿದ್ದರು. ಮಂಜೇಶ್ವರದ ಸೋಲಿಗೆ ಯಾರನ್ನೂ ದೂರಬೇಕಾಗಿಲ್ಲ. 745 ಮತ ಅಂದರೆ ಒಂದೆರಡು ಬೂತಿನ ಮಾತು. ಆದರೆ ಇದ್ದ ಒಂದು ಸ್ಥಾನವೂ ಹೋದಾಗ, ಯಾಕೆ ಹೋಯಿತು ಅಂತ ಕಾರ್ಯಕರ್ತರ ಎದುರು ಹೇಳುವ ಕರ್ತವ್ಯ ಅಧ್ಯಕ್ಷರಿಗೆ ಇದ್ದೇ ಇತ್ತು. ಹುದ್ದೆ ಬಿಡುವುದು, ಬಿಡದಿರುವುದು ಆ ಲೆಕ್ಕ ಒಪ್ಪಿಸಿದ ಮೇಲಿನ ಮಾತು.

ನಮ್ಮ ಜಿಲ್ಲೆಯ ಕಾಂಗ್ರೆಸ್‌ಗೂ ಇದೇ ಮಾತು ಅನ್ವಯಿಸುತ್ತದೆ, ಇನ್ನೂ ಗಟ್ಟಿಯಾಗಿ. ಮಂಗಳೂರು, ಈಗಿನ ದಕ್ಷಿಣ ಕನ್ನಡ ಲೋಕಸಭಾ ಕ್ಷೇತ್ರವನ್ನು 1991ರಿಂದ ಇಲ್ಲಿಯವರೆಗೆ ಬಿಜೆಪಿ ಒಮ್ಮೆಯೂ ಬಿಟ್ಟುಕೊಟ್ಟಿಲ್ಲ. ಧನಂಜಯ ಕುಮಾರ್, ಸದಾನಂದ ಗೌಡ, ನಳಿನ್, ಚೌಟ. ಎದುರು ನಿಂತು ಸೋತವರಲ್ಲಿ ಜನಾರ್ದನ ಪೂಜಾರಿ, ವೀರಪ್ಪ ಮೊಯಿಲಿ ಅವರಂಥ ದೊಡ್ಡ ಹೆಸರುಗಳಿವೆ. ಮೂರು ದಶಕ ದಾಟಿತು. ಪ್ರತಿ ಸಲ ಪರಾಮರ್ಶೆ ಸಭೆ ನಡೆಯುತ್ತದೆ. ಆತ್ಮಾವಲೋಕನ ಅನ್ನುವ ಮಾತು ಪತ್ರಿಕೆಯಲ್ಲಿ ಬರುತ್ತದೆ. ಆದರೆ ಆ ಸಭೆಗಳಲ್ಲಿ ಕಂಡುಕೊಂಡದ್ದು ಏನು ಅನ್ನುವುದನ್ನು ಸದಸ್ಯರು ಓದುವ ಹಾಗೆ ಯಾರೂ ಬರೆದು ಕೊಡುವುದಿಲ್ಲ. ಬಂಟ್ವಾಳದಲ್ಲಿ 2018 ಮತ್ತು 2023ರಲ್ಲಿ ಸೋತ ರಮಾನಾಥ ರೈ, ಇನ್ನು ಚುನಾವಣೆಗೆ ನಿಲ್ಲುವುದಿಲ್ಲ, ಪಕ್ಷದ ಕೆಲಸ ಮಾಡುತ್ತೇನೆ ಅಂದರು. ಅದು ಅವರ ಸ್ವಂತ ತೀರ್ಮಾನ, ಗೌರವ ಕೊಡಬೇಕಾದ್ದು. ಉಡುಪಿಯ ಪ್ರಮೋದ್ ಮಧ್ವರಾಜ್ 2018ರಲ್ಲಿ ಕಾಂಗ್ರೆಸ್‌ನಿಂದ ಸೋತರು, 2019ರಲ್ಲಿ ಮೈತ್ರಿಯ ಅಭ್ಯರ್ಥಿಯಾಗಿ ಜೆಡಿಎಸ್ ಚಿಹ್ನೆಯಲ್ಲಿ ಸೋತರು, 2022ರಲ್ಲಿ ಬಿಜೆಪಿ ಸೇರಿದರು. ನಾಯಕರಿಗೆ ಸೋಲಿನಿಂದ ಹೊರಬರುವ ದಾರಿ ಹಲವಿದೆ. ಅವರಿಗಾಗಿ ಮನೆಮನೆ ತಿರುಗಿದವರಿಗೆ ಇಲ್ಲ.

ಮತ ಎಣಿಕೆಯ ದಿನ ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಅಥವಾ ಉಡುಪಿಯ ಸೇಂಟ್ ಸಿಸಿಲಿ ಶಾಲೆಯಲ್ಲಿ ಕೂರುವ ಕೌಂಟಿಂಗ್ ಏಜೆಂಟರನ್ನು ನೋಡಬೇಕು. ಜಾಲರಿಯ ಈಚೆ ಬೆಂಚು. ಆಚೆ ಮೇಜಿನ ಮೇಲೆ ಒಂದೊಂದೇ ಬೂತಿನ ಮತಯಂತ್ರದ ಕಂಟ್ರೋಲ್ ಯೂನಿಟ್ ಬರುತ್ತದೆ. ಏಜೆಂಟರ ಹತ್ತಿರ ಬೂತಿನಲ್ಲಿ ಬಿದ್ದ ಒಟ್ಟು ಮತದ ಲೆಕ್ಕ ಇರುವ 17ಸಿ ನಮೂನೆಯ ಪ್ರತಿ ಇರುತ್ತದೆ. ಮತದಾನದ ದಿನ ಮತಗಟ್ಟೆ ಅಧಿಕಾರಿ ಸಹಿ ಹಾಕಿ ಕೊಟ್ಟದ್ದು. ಮೊದಲು ಸೀಲ್ ನೋಡುತ್ತಾರೆ. ಆಮೇಲೆ ರಿಸಲ್ಟ್ ಗುಂಡಿ ಒತ್ತಿದಾಗ ಬರುವ ಒಟ್ಟು ಮತ ತಮ್ಮ ಕಾಗದದ ಅಂಕಿಗೆ ತಾಳೆ ಆಗುತ್ತದಾ ಅಂತ ನೋಡುತ್ತಾರೆ. ಆಮೇಲೆ ಯಾರಿಗೆ ಎಷ್ಟು ಅಂತ ಬರೆದುಕೊಳ್ಳುತ್ತಾರೆ. ತಾವು ಚೀಟಿ ಹಂಚಿದ ಬೂತು ಬಂದಾಗ ಅವರ ಪೆನ್ನು ನಿಲ್ಲುತ್ತದೆ. ಕಳೆದ ಸಲ ಎಷ್ಟಿತ್ತು, ಈ ಸಲ ಎಷ್ಟಾಯಿತು, ಯಾವ ಮನೆಗಳು ಕೈಕೊಟ್ಟವು ಅಂತ ಅವರಿಗೆ ಅಲ್ಲೇ ಗೊತ್ತಾಗುತ್ತದೆ. ಸೋಲಿನ ನಿಜವಾದ ವರದಿ ಅವರ ಕಿಸೆಯಲ್ಲಿದೆ. ಕೆಲ ದಿನದ ನಂತರ ಇದೇ ಲೆಕ್ಕ ನಮೂನೆ 20ರಲ್ಲಿ ಬೂತುವಾರು ಪ್ರಕಟವಾಗುತ್ತದೆ. ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಆದರೆ ಬೆಂಗಳೂರಿನಿಂದ ಬರುವ ಪರಾಮರ್ಶೆ ಸಮಿತಿಯವರು ಸಾಮಾನ್ಯವಾಗಿ ಮಾತಾಡಿಸುವುದು ಸೋತ ಅಭ್ಯರ್ಥಿಯನ್ನು, ಜಿಲ್ಲಾಧ್ಯಕ್ಷರನ್ನು, ಮಾಜಿ ಸಚಿವರನ್ನು. ಬೆಂಚಿನ ಮೇಲೆ ಕೂತಿದ್ದವರನ್ನು ಕರೆಯುವುದೇ ಇಲ್ಲ.

ಈ ಕಾರ್ಯಕರ್ತರು ನಾಯಕರಾಗಿ ಬೆಳೆಯುವ ಮೆಟ್ಟಿಲೂ ಮುರಿದಿದೆ. ಜಿಲ್ಲಾ ಮತ್ತು ತಾಲೂಕು ಪಂಚಾಯಿತಿ ಸದಸ್ಯರ ಅವಧಿ 2021ರಲ್ಲೇ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಮಂಗಳೂರು ಪಾಲಿಕೆಯ ಅವಧಿ 2025ರ ಫೆಬ್ರುವರಿಯಲ್ಲಿ ಮುಗಿದು ಆಡಳಿತಾಧಿಕಾರಿಯ ಕೈಗೆ ಹೋಯಿತು. ಗೆದ್ದು ತೋರಿಸಲು ಚುನಾವಣೆಯೇ ಇಲ್ಲದಿದ್ದರೆ ಪಕ್ಷದಲ್ಲಿ ಹುದ್ದೆ ಸಿಗುವುದು ಯಾರ ಹಿಂದೆ ಓಡಾಡುತ್ತೀರಿ ಅನ್ನುವುದರ ಮೇಲೆ. ಅಂಥವರು ನಾಳೆ ಜಿಲ್ಲಾಧ್ಯಕ್ಷರಾದರೆ ಅವರೂ ರಾಜೀನಾಮೆಯನ್ನು ಮೇಲಕ್ಕೇ ಕಳಿಸುತ್ತಾರೆ.

ನಾನು ಬಯಸುವುದು ದೊಡ್ಡ ಸುಧಾರಣೆ ಏನಲ್ಲ. ಮುಂದಿನ ಯಾವುದೇ ಚುನಾವಣೆ ಸೋತ ಪಕ್ಷ, ಅದು ಯಾವುದೇ ಇರಲಿ, ಒಂದು ತಿಂಗಳ ಒಳಗೆ ಪ್ರತಿ ತಾಲೂಕಿನಲ್ಲಿ ಬೂತ್ ಏಜೆಂಟರ ಸಭೆ ಕರೆಯಲಿ. ಜಿಲ್ಲಾಧ್ಯಕ್ಷರು ನಮೂನೆ 20ರ ಪ್ರತಿ ಹಿಡಿದುಕೊಂಡು ಬರಲಿ. ಮತ ಎಲ್ಲಿ ಇಳಿಯಿತು, ಯಾಕೆ ಇಳಿಯಿತು ಅಂತ ಅವರು ಹೇಳಲಿ, ಎದುರಿನವರು ಕೇಳಲಿ. ಟಿಕೆಟ್‌ಗೆ ಯಾರ ಹೆಸರು ಕಳಿಸಿದ್ದೆವು, ಮೇಲಿನಿಂದ ಯಾರ ಹೆಸರು ಬಂತು ಅನ್ನುವುದನ್ನೂ ಅಲ್ಲಿ ಹೇಳಲಿ. ಅಧ್ಯಕ್ಷರು ಮುಂದುವರಿಯಬೇಕಾ ಅಂತ ಅದೇ ಸಭೆಯಲ್ಲಿ ಚೀಟಿ ಹಾಕಿ ಮತ ತೆಗೆದುಕೊಳ್ಳಲಿ. ಎಣಿಸಿ, ಅಂಕಿಯನ್ನು ರಾಜ್ಯ ಸಮಿತಿಗೂ ಪತ್ರಿಕೆಗಳಿಗೂ ಕೊಡಲಿ. ಮೇಲಿನವರು ಅದನ್ನು ಒಪ್ಪದೆಯೂ ಇರಬಹುದು. ಆದರೆ ಒಪ್ಪದಿದ್ದರೆ ಕಾರಣ ಹೇಳಬೇಕಾಗುತ್ತದೆ. ಇಂಥ ಸಭೆ ಕರೆಯಲು ದೆಹಲಿಯ ಅನುಮತಿ ಬೇಕಾಗಿಲ್ಲ. ಜಿಲ್ಲಾ ಸಮಿತಿಯ ಒಂದು ನಿರ್ಣಯ ಸಾಕು.